ಹೊಟ್ಟೆಯ ಟ್ಯೂಬಿಗೆ ಮನೆಯ ಗಂಜಿ ಹಾಕಬಹುದಾ?

ಪ್ರಶ್ನೆ: ನಾವು ಡೊಂಬಿವಲಿ ಪೂರ್ವದಲ್ಲಿ ಇರುವವರು. ಊರು ಕುಂದಾಪುರದ ಹತ್ತಿರ. ನಮ್ಮ ಅತ್ತೆಗೆ 68 ವರ್ಷ. ಮೂರು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಎಡಗಡೆ ಸ್ವಾಧೀನ ಇಲ್ಲ, ನುಂಗಲಿಕ್ಕೂ ಆಗುವುದಿಲ್ಲ. ಮೊದಲು ಮೂಗಿನ ಟ್ಯೂಬ್ ಇತ್ತು. ಐದು ವಾರದ ಹಿಂದೆ ಹೊಟ್ಟೆಗೇ ತೂತು ಮಾಡಿ ನೇರ ಊಟ ಕೊಡುವ ಪೆಗ್ ಟ್ಯೂಬ್ ಹಾಕಿದ್ದಾರೆ, 20 ನಂಬರಿನದು. ಆಸ್ಪತ್ರೆಯಲ್ಲಿ ಪೌಡರ್ ಬರೆದುಕೊಟ್ಟರು. ಅದರ ಖರ್ಚು ತೂಗುತ್ತಿಲ್ಲ. ‘ಜೀವಮಾನವಿಡೀ ಗಂಜಿ ಉಂಡವರಿಗೆ ಕೆಮಿಕಲ್ ಹಾಕ್ತೀರಲ್ಲ’ ಎಂದು ಬಂದವರೆಲ್ಲ ಹೇಳುತ್ತಾರೆ. ಹಾಗಾಗಿ ಈಗ ದಿನಕ್ಕೆ ಅರ್ಧ ಲೋಟ ಕುಚ್ಚಲಕ್ಕಿ, ಎರಡು ದೊಡ್ಡ ಚಮಚ ಹೆಸರುಬೇಳೆ, ಒಂದು ಕ್ಯಾರೆಟ್ ಬೇಯಿಸಿ, ಮಿಕ್ಸಿಯಲ್ಲಿ ರುಬ್ಬಿ, ಚಹಾ ಸೋಸುವ ಜರಡಿಯಲ್ಲಿ ಸೋಸಿ, ನೀರು ಸೇರಿಸಿ ಕೊಡುತ್ತಿದ್ದೇವೆ. ಅರ್ಧ ಲೀಟರ್ ಹಾಲೂ ಹೋಗುತ್ತದೆ. ಎಲ್ಲ ಸೇರಿ 200 ಮಿಲಿಯಂತೆ ದಿನಕ್ಕೆ ಆರು ಸಲ. ಹಗಲು ನೋಡಿಕೊಳ್ಳಲು ಮಾವಶಿ (ಕೆಲಸದ ಆಯಾ) ಬರುತ್ತಾರೆ. ಎರಡು ಸಲ ಟ್ಯೂಬ್ ಕಟ್ಟಿಕೊಂಡಿತು. ತೂಕ 54ರಿಂದ 49 ಕಿಲೋಗೆ ಇಳಿದಿದೆ. ಮನೆ ಊಟ ಟ್ಯೂಬಿಗೆ ಹಾಕಲೇಬಾರದು ಎಂದು ನರ್ಸ್ ಹೇಳುತ್ತಾರೆ, ತೆಳ್ಳಗೆ ಮಾಡಿ ಕೊಡಿ ಎಂದು ಡಾಕ್ಟರ್ ಹೇಳುತ್ತಾರೆ. ಯಾರ ಮಾತು ಕೇಳುವುದು? ಅತ್ತೆಗೆ ಸ್ವಲ್ಪ ಸಕ್ಕರೆ ಕಾಯಿಲೆ ಇದೆ, ಬಿಪಿಯೂ ಇದೆ. ಮೊದಲು ಮೊಟ್ಟೆ, ಮೀನು ತಿನ್ನುತ್ತಿದ್ದರು. ಇನ್ನೊಂದು ಮಾತು, ಟ್ಯೂಬಿನಲ್ಲಿ ಹೋದ ಊಟದ ರುಚಿ ಅವರಿಗೆ ಗೊತ್ತಾಗುತ್ತದೆಯೇ?

ಉತ್ತರ: ನಿಮ್ಮ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಟ್ಯೂಬ್ ಕಟ್ಟಿಕೊಂಡ ವಿಷಯವಲ್ಲ, ಆ ಐದು ಕಿಲೋ. ಮನೆ ಊಟ ಕೊಡಬಹುದಾ ಎಂದು ಕೇಳಿದ್ದೀರಿ. ಕೊಡಬಹುದು. ಅವರಿಗಿರುವುದು ಹೊಟ್ಟೆಗೆ ನೇರ ಹೋಗುವ ದಪ್ಪ ಟ್ಯೂಬ್, ಹಾಕಿ ತಿಂಗಳು ದಾಟಿದೆ, ಗಾಯ ಕೂಡಿರುತ್ತದೆ. ಆದರೆ ಈಗ ಕೊಡುತ್ತಿರುವ ರೀತಿಯಲ್ಲಿ ಅತ್ತೆಯವರು ಅರ್ಧ ಹೊಟ್ಟೆಯಲ್ಲಿದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ. ದಿನಾ ಆರು ಸಲ ತಪ್ಪದೆ ಕೊಡುತ್ತಿದ್ದೀರಿ, ನಿಮ್ಮ ಶ್ರಮದಲ್ಲಿ ಕೊರತೆ ಇಲ್ಲ. ಕೊರತೆ ಇರುವುದು ಆ 200 ಮಿಲಿಯ ಒಳಗೆ.

ಲೆಕ್ಕ ನೋಡಿ. ಅರ್ಧ ಲೋಟ ಅಕ್ಕಿ ಅಂದರೆ ಸುಮಾರು 100 ಗ್ರಾಂ, 350 ಕ್ಯಾಲೊರಿ. ಎರಡು ದೊಡ್ಡ ಚಮಚ ಬೇಳೆ, ಸುಮಾರು 30 ಗ್ರಾಂ, ಅದರಿಂದ 105. ಅರ್ಧ ಲೀಟರ್ ಟೋನ್ಡ್ ಹಾಲಿನಿಂದ 300 ಹತ್ತಿರ. ಕ್ಯಾರೆಟ್ಟಿನದು 20. ಒಟ್ಟು 775. ಇದು ಸೋಸುವ ಮೊದಲಿನ ಲೆಕ್ಕ. ಜರಡಿಯಲ್ಲಿ ಉಳಿದದ್ದನ್ನು ಕಳೆದರೆ 600ರಿಂದ 700 ಒಳಗೆ ಹೋದರೆ ಹೆಚ್ಚು. ಅವರ ತೂಕಕ್ಕೆ ಬೇಕಾದದ್ದು ಕಿಲೋಗೆ 25ರಿಂದ 30 ಕ್ಯಾಲೊರಿಯಂತೆ ದಿನಕ್ಕೆ 1,225ರಿಂದ 1,470. ಪ್ರೋಟೀನ್ 50ರಿಂದ 60 ಗ್ರಾಂ ಬೇಕು, ಸಿಗುತ್ತಿರುವುದು 30ಕ್ಕೂ ಕಡಿಮೆ. ತೂಕ ಇಳಿಯದೆ ಏನಾಗುತ್ತದೆ?

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದದ್ದು ಹೇಳುತ್ತೇನೆ. ಠಾಣೆಯ ಒಬ್ಬ ನಿವೃತ್ತ ಮೇಷ್ಟ್ರನ್ನು ಮೂಗಿನ ಟ್ಯೂಬ್ ಸಮೇತ ಮನೆಗೆ ಕಳಿಸುವಾಗ ನಮ್ಮ ಆಸ್ಪತ್ರೆಯಿಂದ ಒಂದು ಚೀಟಿ ಕೊಟ್ಟಿದ್ದೆವು: ‘ತೆಳು ಆಹಾರ, 200 ಮಿಲಿ, ಎರಡು ಗಂಟೆಗೊಮ್ಮೆ.’ ಎರಡು ತಿಂಗಳ ಮೇಲೆ ಬೆನ್ನಿನಲ್ಲಿ ಹುಣ್ಣಾಗಿ ವಾಪಸ್ ಬಂದರು. ಅವರ ಹೆಂಡತಿ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದಿದ್ದರು. ಗಂಟೆ, ಮಿಲಿ, ಮೂತ್ರ, ಎಲ್ಲ ಗೆರೆ ಎಳೆದು ಬರೆದಿದ್ದರು. ಒಂದು ದಿನವೂ ತಪ್ಪಿರಲಿಲ್ಲ. ಏನು ಕೊಡುತ್ತಿದ್ದಿರಿ ಎಂದು ಕೇಳಿದೆ. ಬಟ್ಟೆಯಲ್ಲಿ ಸೋಸಿದ ಬೇಳೆ ಕಟ್ಟು, ಮೋಸಂಬಿ ರಸ, ಎಳನೀರು, ಹಾಲು. ಆ ತಾಯಿ ನಾವು ಬರೆದುಕೊಟ್ಟದ್ದನ್ನು ಅಕ್ಷರಶಃ ಮಾಡಿದ್ದರು. ಆ ಮಿಲಿಯಲ್ಲಿ ಏನಿರಬೇಕು ಎಂದು ನಾವು ಬರೆದಿರಲೇ ಇಲ್ಲ. ಅಂದಿನಿಂದ ನಾನು ಯಾರಿಗೂ ‘ತೆಳ್ಳಗೆ’ ಎನ್ನುವ ಒಂದೇ ಪದ ಬರೆದು ಕಳಿಸಿಲ್ಲ.

ಈಗ ನರ್ಸ್ ಮಾತು, ಡಾಕ್ಟರ್ ಮಾತು. ಇಬ್ಬರೂ ಸುಮ್ನೆ ಹೇಳಿದ್ದಲ್ಲ. ನರ್ಸ್ ಆಸ್ಪತ್ರೆಯಲ್ಲಿ ನೋಡುವುದು ಹೆಚ್ಚಾಗಿ ಮೂಗಿನ ತೆಳ್ಳನೆಯ ಟ್ಯೂಬ್. ಟ್ಯೂಬಿನ ನಂಬರ್ ಅಂದರೆ ಅದರ ಹೊರಗಿನ ದಪ್ಪ, ಮೂರು ನಂಬರಿಗೆ ಒಂದು ಮಿಲಿಮೀಟರ್. 12 ನಂಬರಿನದು ಹೊರಗಿನಿಂದಲೇ ನಾಲ್ಕು ಮಿಲಿಮೀಟರ್, ಒಳಗಿನ ತೂತು ಇನ್ನೂ ಚಿಕ್ಕದು. ಅದರಲ್ಲಿ ರುಬ್ಬಿದ ಊಟ ಕಟ್ಟಿಕೊಳ್ಳದೆ ಇರುವುದೇ ಕಷ್ಟ. ನಿಮ್ಮ ಅತ್ತೆಯವರದು 20, ಸುಮಾರು 6.7 ಮಿಲಿಮೀಟರ್, ಉದ್ದವೂ ಕಡಿಮೆ. 14ಕ್ಕಿಂತ ದಪ್ಪದ ಹೊಟ್ಟೆಯ ಟ್ಯೂಬಿನಲ್ಲಿ ಚೆನ್ನಾಗಿ ರುಬ್ಬಿದ ಊಟ ಇಳಿಯುತ್ತದೆ. ಹೊರದೇಶಗಳಲ್ಲೂ ಈ ವಿಷಯದಲ್ಲಿ ನಿಲುವು ಬದಲಾಗಿದೆ. ಬ್ರಿಟನ್ನಿನ ಆಹಾರತಜ್ಞರ ಸಂಘ ಮೊದಲು ಇದಕ್ಕೆ ಒಪ್ಪುತ್ತಿರಲಿಲ್ಲ. 2019ರಲ್ಲಿ ಅವರೂ ನಿಲುವು ಸಡಿಲಿಸಿ, ಅಪಾಯ ಲಾಭ ಎರಡನ್ನೂ ತೂಗಿ ನೋಡಿ ಮನೆಯವರ ಜೊತೆ ಕೂತು ತೀರ್ಮಾನ ಮಾಡಿ ಎಂದರು.

ಆದರೆ ಕೆಲವರಿಗೆ ನಾನೂ ಖಂಡಿತ ಬೇಡ ಎನ್ನುತ್ತೇನೆ. ಟ್ಯೂಬಿನ ತುದಿ ಹೊಟ್ಟೆ ದಾಟಿ ಸಣ್ಣ ಕರುಳಿನಲ್ಲಿ ಇದ್ದರೆ ಬೇಡ, ಅಲ್ಲಿ ಹೊಟ್ಟೆಯ ಆಮ್ಲದ ಕಾವಲು ಇರುವುದಿಲ್ಲ. ಕೀಮೋ ನಡೆಯುತ್ತಿದ್ದು ಬಿಳಿ ರಕ್ತಕಣ ಇಳಿದವರಿಗೆ, ಅಂಗ ಕಸಿ ಆದವರಿಗೆ ಬೇಡ. ಪಂಪಿನಲ್ಲಿ ಗಂಟೆಗಟ್ಟಲೆ ಹನಿಹನಿಯಾಗಿ ಹೋಗಬೇಕಾದವರಿಗೆ ಬೇಡ. ಟ್ಯೂಬ್ ಹಾಕಿ ಇನ್ನೂ ಕೆಲವೇ ದಿನ ಆಗಿದ್ದರೆ ಬೇಡ. ನೀವು ಬರೆದದ್ದನ್ನು ನೋಡಿದರೆ ಇದರಲ್ಲಿ ಯಾವುದೂ ನಿಮ್ಮ ಅತ್ತೆಗೆ ಅನ್ವಯಿಸುವುದಿಲ್ಲ. ಆದರೂ ಟ್ಯೂಬಿನ ತುದಿ ಹೊಟ್ಟೆಯಲ್ಲೇ ಇದೆಯಾ ಎಂದು ಹಾಕಿದ ಡಾಕ್ಟರನ್ನು ಒಂದು ಮಾತು ಕೇಳಿ, ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿಕೊಳ್ಳಿ.

‘ಕೆಮಿಕಲ್’ ಮಾತಿಗೂ ಉತ್ತರ ಬೇಕು. ಆ ಡಬ್ಬದಲ್ಲಿ ಇರುವುದು ಹಾಲಿನ ಇಲ್ಲವೇ ಸೋಯಾದ ಪ್ರೋಟೀನ್, ಅಡುಗೆ ಎಣ್ಣೆ, ವಿಟಮಿನ್, ಲವಣ, ಮತ್ತೆ ಮಾಲ್ಟೋಡೆಕ್ಸ್‌ಟ್ರಿನ್. ಈ ಕೊನೆಯದು ಮೆಕ್ಕೆಜೋಳ ಅಥವಾ ಬೇರೆ ಧಾನ್ಯದ ಪಿಷ್ಟವನ್ನು ಚಿಕ್ಕ ತುಂಡು ಮಾಡಿದ್ದು, ಅಷ್ಟೇ. ಪಿಷ್ಟದ ಉದ್ದನೆಯ ಸರಪಳಿ ನೀರು ಹೀರಿ ಅಂಟಾಗುತ್ತದೆ. ತುಂಡಾದ ಪಿಷ್ಟ ನೀರಿನಲ್ಲಿ ಕರಗಿ ತೆಳ್ಳಗೇ ಉಳಿಯುತ್ತದೆ. ಹಾಗಾಗಿಯೇ ಪೌಡರ್ ಕಲಸಿದಾಗ ಒಂದು ಮಿಲಿಗೆ ಒಂದು ಕ್ಯಾಲೊರಿ ಇದ್ದರೂ ಹಾಲಿನಂತೆ ಇಳಿಯುತ್ತದೆ. ನಿಮ್ಮ ಗಂಜಿಯಲ್ಲಿ ಅಷ್ಟು ಕ್ಯಾಲೊರಿ ಹಾಕಿದರೆ ಮುದ್ದೆಯಾಗುತ್ತದೆ. ಮುದ್ದೆ ಆಗಬಾರದು ಎಂದು ನೀರು ಹಾಕುತ್ತೀರಿ. ನೀರು ಹಾಕಿದಷ್ಟೂ ಹೊಟ್ಟೆ ತುಂಬುತ್ತದೆ, ಮೈ ಬಡವಾಗುತ್ತದೆ.

ಕುಚ್ಚಲಕ್ಕಿಯ ವಿಷಯದಲ್ಲಿ ಇದು ಇನ್ನೂ ಜಾಸ್ತಿ. ನಮ್ಮ ಕಡೆಯ ಗಂಜಿಗೆ ಅದರ ಸಮ ಬೇರೆ ಅಕ್ಕಿ ಇಲ್ಲ, ಗೊತ್ತು. ಆದರೆ ಭತ್ತದಲ್ಲೇ ಬೇಯಿಸಿ ಒಣಗಿಸಿದ ಅಕ್ಕಿ ಅದು, ಕಾಳು ಗಟ್ಟಿ, ಮೇಲೆ ತೌಡಿನ ಪದರ. ಮನೆಯ ಮಿಕ್ಸಿಯಲ್ಲಿ ನುಣ್ಣಗಾಯಿತು ಅನ್ನಿಸಿದರೂ ರವೆ ರವೆ ಉಳಿಯುತ್ತದೆ. ಆರಿದ ಮೇಲೆ ಮತ್ತೆ ಗಟ್ಟಿಯಾಗುತ್ತದೆ. ಬಿಸಿ ಇದ್ದಾಗ ಇಳಿದ ಗಂಜಿ ಕೊನೆಯ 50 ಮಿಲಿಗೆ ಬರುವಾಗ ನಿಂತುಬಿಡುತ್ತದಲ್ವಾ? ಟ್ಯೂಬಿಗೆ ಬೆಳ್ತಿಗೆ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಯೇ ಸರಿ. ಕುಚ್ಚಲಕ್ಕಿ ಅವರು ಬಾಯಲ್ಲಿ ಉಣ್ಣುವ ದಿನಕ್ಕೆ ಇರಲಿ.

ಇನ್ನು ಪೌಡರ್ ಕಂಪನಿಯವರು ಕಾರ್ಖಾನೆಯಲ್ಲಿ ಮಾಡುವ ಕೆಲಸವನ್ನು ನಿಮ್ಮ ಅಡುಗೆಮನೆಯಲ್ಲಿ ಮಾಡಿಕೊಡುವ ಒಂದು ಪದಾರ್ಥ ಇದೆ: ಮೊಳಕೆ ಕಟ್ಟಿದ ರಾಗಿಯ ಹಿಟ್ಟು. ಮೊಳಕೆ ಬರುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಸಸಿಗೆ ಊಟ ಒದಗಿಸಲು ಅದು ಪಿಷ್ಟವನ್ನು ಕತ್ತರಿಸುತ್ತದೆ. ಆಹಾರ ಸಂಶೋಧನಾ ಸಂಸ್ಥೆಯಾದ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಮಕ್ಕಳ ಆಹಾರಕ್ಕಾಗಿ ಇದರ ಮೇಲೆ ಬಹಳ ಕೆಲಸ ನಡೆದಿದೆ. ಮಕ್ಕಳ ಹೊಟ್ಟೆ ಚಿಕ್ಕದು, ಗಂಜಿ ಗಟ್ಟಿಯಾದರೆ ನುಂಗಲಾರರು, ತೆಳ್ಳಗಾದರೆ ಬಲ ಸಾಲದು. ನಿಮ್ಮ ಕಷ್ಟವೂ ಅದೇ.

ಮನೆಯಲ್ಲಿ ಒಮ್ಮೆ ಕಣ್ಣಾರೆ ನೋಡಿ. ಅನ್ನ ಬೇಳೆ ರುಬ್ಬಿ, ಸೌಟು ನಿಲ್ಲುವಷ್ಟು ಗಟ್ಟಿ ಗಂಜಿ ಒಂದು ಬಟ್ಟಲು ತೆಗೆದುಕೊಳ್ಳಿ. ಕುದಿ ಇಳಿದು, ಬೆರಳಿಗೆ ಚುರುಕ್ ಅಂದರೂ ತಡೆದುಕೊಳ್ಳಬಹುದಾದ ಬಿಸಿಗೆ ಬರಲಿ. ಎರಡು ಚಮಚ ಮೊಳಕೆ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕಿ, ಕೈ ಬಿಡದೆ ತಿರುವಿ. ಮೊದಲು ಏನೂ ಆಗುವುದಿಲ್ಲ. ಸ್ವಲ್ಪ ಹೊತ್ತಿಗೆ ಸೌಟು ಹಗುರವಾಗುತ್ತದೆ. ಐದು ಹತ್ತು ನಿಮಿಷದಲ್ಲಿ ಅದು ಪಾಯಸದ ಹದಕ್ಕೆ ಇಳಿಯುತ್ತದೆ, ಬೇರೆ ಒಂದು ತೊಟ್ಟು ನೀರೂ ಹಾಕದೆ. ಆಮೇಲೆ ಮತ್ತೆ ಒಲೆಯ ಮೇಲಿಟ್ಟು ಐದು ನಿಮಿಷ ಚೆನ್ನಾಗಿ ಕುದಿಸಬೇಕು. ಮೊಳಕೆ ಹಿಟ್ಟಿನಲ್ಲಿ ರೋಗಾಣು ಜಾಸ್ತಿ, ಕುದಿಸದೆ ಕೊಡಲೇಬಾರದು. ಹಾಗೆಂದು ಕುದಿಯುತ್ತಿರುವ ಗಂಜಿಗೇ ಹಿಟ್ಟು ಹಾಕಿದರೆ ಕಿಣ್ವ ಆ ಕ್ಷಣವೇ ಸಾಯುತ್ತದೆ, ತೆಳುವಾಗುವುದಿಲ್ಲ. ಮೊದಲು ಬಿಸುಪು, ಆಮೇಲೆ ಕುದಿ.

ಮುಂಬೈಯಲ್ಲಿ ರಾಗಿಗೆ ನಾಚಣಿ ಅನ್ನುತ್ತಾರೆ, ಹಾಗೆ ಕೇಳಿದರೆ ಅಂಗಡಿಯಲ್ಲಿ ಮೂರು ನಾಲ್ಕು ಥರ ತೋರಿಸುತ್ತಾರೆ. ಬರೀ ನಾಚಣಿ ಹಿಟ್ಟಿನಿಂದ ಈ ಕೆಲಸ ಆಗುವುದಿಲ್ಲ. ಅರಳು ಹುರಿದು ಮಾಡಿದ ಹುರಿಹಿಟ್ಟಿನಲ್ಲಿ ಕಿಣ್ವ ಸುಟ್ಟುಹೋಗಿರುತ್ತದೆ. ನಾಚಣಿ ಸತ್ವ ಅಂದರೆ ಸಾಮಾನ್ಯವಾಗಿ ನೆನೆಸಿ ರುಬ್ಬಿ ಹಾಲು ಹಿಂಡಿ ಒಣಗಿಸಿದ್ದು, ಅದರಲ್ಲಿ ಬಹುಪಾಲು ಪಿಷ್ಟವೇ, ಗಂಜಿ ಇನ್ನೂ ಗಟ್ಟಿಯಾಗುತ್ತದೆ. ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ ಬೀಸಿದ್ದೇ ಬೇಕು. ಪ್ಯಾಕೆಟ್ಟಿನ ಮೇಲೆ ಏನೇ ಬರೆದಿರಲಿ, ಮೇಲೆ ಹೇಳಿದ ಬಟ್ಟಲಿನ ಪರೀಕ್ಷೆ ಮಾಡಿ. ಗಂಜಿ ತೆಳ್ಳಗಾದರೆ ಅದು ಸರಿಯಾದ ಹಿಟ್ಟು. ಬೇಸಿಗೆಯಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದು. ಮಳೆಗಾಲದಲ್ಲಿ ಬೇಡ, ಇಲ್ಲಿನ ತೇವಕ್ಕೆ ಮೊಳಕೆ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.

ಇಡೀ ದಿನಕ್ಕೆ ಎಷ್ಟು ಬೇಕು ಎಂಬುದಕ್ಕೆ ಒಂದು ಅಳತೆ ಕೊಡುತ್ತೇನೆ. ಲೋಟ ಚಮಚ ಬೇಡ, ತಕ್ಕಡಿಯಲ್ಲಿ ತೂಗಿ. ಮೊಳಕೆ ರಾಗಿ ಹಿಟ್ಟು 100 ಗ್ರಾಂ, ಹೆಸರುಬೇಳೆ 75 ಗ್ರಾಂ, ಬೆಳ್ತಿಗೆ ಅಕ್ಕಿ 50 ಗ್ರಾಂ, ಸಿಹಿಗುಂಬಳ ಅಥವಾ ಕ್ಯಾರೆಟ್ 100 ಗ್ರಾಂ, ಟೋನ್ಡ್ ಹಾಲು ಅರ್ಧ ಲೀಟರ್, ಗಟ್ಟಿಯಾಗಿ ಬೇಯಿಸಿದ ಮೊಟ್ಟೆ 2, ಎಣ್ಣೆ 5 ಚಹಾ ಚಮಚ. ಎಲ್ಲ ಸೇರಿ ಸುಮಾರು 1,450 ಕ್ಯಾಲೊರಿ, 57 ಗ್ರಾಂ ಪ್ರೋಟೀನ್. ಎಣ್ಣೆ ನೋಡಿ ಹೆದರಬೇಡಿ. ಒಂದು ಚಹಾ ಚಮಚ ಎಣ್ಣೆಯಲ್ಲಿ 45 ಕ್ಯಾಲೊರಿ ಇದೆ, ಗಂಜಿಯನ್ನು ಒಂದಿಷ್ಟೂ ಗಟ್ಟಿ ಮಾಡುವುದಿಲ್ಲ. ಟ್ಯೂಬ್ ಊಟದಲ್ಲಿ ಅದರಷ್ಟು ಉಪಕಾರಿ ಬೇರೆ ಇಲ್ಲ.

ಅಕ್ಕಿ, ಬೇಳೆ, ತರಕಾರಿಯನ್ನು ಕುಕ್ಕರಿನಲ್ಲಿ ಆರೇಳು ಸೀಟಿ ಬೇಯಿಸಿ. ಬಿಸುಪಿಗೆ ಬಂದ ಮೇಲೆ ರಾಗಿ ಹಿಟ್ಟು ಕದಡಿ ಹಾಕಿ, ಹತ್ತು ನಿಮಿಷ ಬಿಟ್ಟು, ಸಣ್ಣ ಉರಿಯಲ್ಲಿ ನಿಧಾನ ಕಾಯಿಸಿ, ಕುದಿಸಿ. ಆಮೇಲೆ ಕಾಯಿಸಿದ ಹಾಲು, ಮೊಟ್ಟೆ, ಎಣ್ಣೆ ಸೇರಿಸಿ ಎರಡು ಮೂರು ನಿಮಿಷ ನುಣ್ಣಗೆ ರುಬ್ಬಿ, ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ. ಜರಡಿಯಲ್ಲಿ ಒಂದು ಚಮಚದಷ್ಟು ಉಳಿಯಬಹುದು. ಬಟ್ಟಲು ತುಂಬ ಉಳಿದರೆ ಎಸೆಯಬೇಡಿ, ಮತ್ತೆ ರುಬ್ಬಿ. ಅತ್ತೆಯ ಊಟ ಅದರಲ್ಲಿದೆ. ಕೊನೆಗೆ ಕುದಿಸಿ ಆರಿಸಿದ ನೀರು ಹಾಕಿ ಒಟ್ಟು 1,500 ಮಿಲಿ ಮಾಡಿಕೊಳ್ಳಿ, 250ರಂತೆ ಆರು ಪಾಲು.

ಟೊಮೇಟೊ, ಬದನೆ, ಸೀಬೆಯ ಬೀಜ, ಸೊಪ್ಪಿನ ನಾರು, ತುರಿದ ಕಾಯಿ, ಇವೆಲ್ಲ ಟ್ಯೂಬಿಗೆ ಶತ್ರು. ಕಾಯಿ ಬೇಕೆನಿಸಿದರೆ ಕಾಯಿಹಾಲು ಹಿಂಡಿ ಹಾಕಿ. ಮೀನು ಕೊಡಬಹುದು, ಆದರೆ ಮುಳ್ಳು ಒಂದೂ ಇರಬಾರದು. ಹಸಿ ಮೊಟ್ಟೆಯನ್ನು ಹಾಲಿಗೆ ಒಡೆದು ಹಾಕುವ ರೂಢಿ ಎಷ್ಟೋ ಮನೆಯಲ್ಲಿ ಇದೆ. ದಯವಿಟ್ಟು ಬೇಡ, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇಂಥ ಬಡಕಲು ಜೀವಕ್ಕೆ ತಡೆಯಲಾಗದು. ಹಾಲಿರುವ ಊಟಕ್ಕೆ ನಿಂಬೆರಸ ಸೇರಿಸಬೇಡಿ, ಟ್ಯೂಬಿನಲ್ಲೇ ಒಡೆದು ಗಟ್ಟಿಯಾಗುತ್ತದೆ.

ಉಪ್ಪಿನ ಮಾತು ಯಾರೂ ಹೇಳುವುದಿಲ್ಲ. ಬಿಪಿ ಇದೆಯಲ್ಲ ಎಂದು ಟ್ಯೂಬಿನ ಊಟಕ್ಕೆ ಉಪ್ಪೇ ಹಾಕುವುದಿಲ್ಲ, ಜೊತೆಗೆ ನೀರು ಜಾಸ್ತಿ ಹೋಗುತ್ತಿರುತ್ತದೆ. ರಕ್ತದಲ್ಲಿ ಸೋಡಿಯಂ ಇಳಿದು ಅಜ್ಜ ಅಜ್ಜಿಯರು ಮಂಕಾಗಿ, ಹಗಲೂ ನಿದ್ದೆ ಹೋಗುತ್ತಾರೆ, ಮನೆಯವರು ‘ಇನ್ನೊಂದು ಸ್ಟ್ರೋಕ್ ಆಯಿತೇನೋ’ ಎಂದು ಓಡಿಬರುತ್ತಾರೆ. ಸೋಡಿಯಂ ಒಮ್ಮೆ ಪರೀಕ್ಷೆ ಮಾಡಿಸಿ, ದಿನಕ್ಕೆ ಎಷ್ಟು ಉಪ್ಪು ಹಾಕಲಿ ಎಂದು ಡಾಕ್ಟರರಿಂದ ಬರೆಸಿಕೊಳ್ಳಿ.

ಮಾಡುವುದಕ್ಕಿಂತ ಇಡುವುದರಲ್ಲಿ ಅಪಾಯ ಜಾಸ್ತಿ. ನಾನು ಮನೆಗಳಿಗೆ ಹೋದಾಗ ಮೊದಲು ಕೇಳುವುದು ‘ಫ್ಲಾಸ್ಕ್ ಎಲ್ಲಿದೆ’ ಎಂದು. ಬೆಳಿಗ್ಗೆ ಮಾಡಿ, ಬೆಚ್ಚಗಿರಲಿ ಎಂದು ಫ್ಲಾಸ್ಕಿಗೆ ಹಾಕಿ, ಸಂಜೆಯವರೆಗೆ ಅದರಿಂದಲೇ ಕೊಡುತ್ತಾರೆ. ಹಾಲು, ಮೊಟ್ಟೆ, ಗಂಜಿ ಬೆಚ್ಚಗೆ ಕೂತರೆ ಬ್ಯಾಕ್ಟೀರಿಯಾಕ್ಕೆ ಹಬ್ಬ. ಮುಂಬೈಯ ಸೆಕೆಯಲ್ಲಿ ಹೊರಗಿಟ್ಟರೆ ಎರಡು ಗಂಟೆಯೇ ಗಡುವು. ಮಾಡಿದ ಕೂಡಲೇ ಚಿಕ್ಕ ಚಿಕ್ಕ ಸ್ಟೀಲ್ ಡಬ್ಬಿಗೆ ಪಾಲು ಮಾಡಿ, ತಣ್ಣೀರಿನ ತಟ್ಟೆಯಲ್ಲಿಟ್ಟು ಬೇಗ ಆರಿಸಿ, ಫ್ರಿಜ್ಜಿನ ಒಳಭಾಗದಲ್ಲಿ ಇಡಿ, ಬಾಗಿಲಿನಲ್ಲಿ ಬೇಡ. 24 ಗಂಟೆಯೊಳಗೆ ಮುಗಿಯಬೇಕು. ಬೇಕಾದ ಒಂದು ಡಬ್ಬಿ ಮಾತ್ರ ತೆಗೆದು ಕುದಿ ಬರಿಸಿ, ಉಗುರುಬೆಚ್ಚಗೆ ಆರಿಸಿ ಕೊಡಿ. ಉಳಿದರೆ ಚೆಲ್ಲಿ.

ಮಿಕ್ಸಿ ಜಾರನ್ನು ಒಮ್ಮೆ ಬೋರಲು ಹಾಕಿ ನೋಡಿ. ಮುಚ್ಚಳದ ರಬ್ಬರ್ ವಾಶರ್ ಬಿಚ್ಚಿ. ಆ ಸಂದಿಯಲ್ಲಿ ಕಪ್ಪು ಗೆರೆ ಕಂಡರೆ ಅದು ಹಳೆಯ ಊಟ. ಬ್ಲೇಡಿನ ಬುಡದಲ್ಲೂ ಇರುತ್ತದೆ. ಅತ್ತೆಗೆಂದೇ ಒಂದು ಜಾರ್ ಬೇರೆ ಇಡಿ, ಮಸಾಲೆ ರುಬ್ಬುವುದರಲ್ಲಿ ಬೇಡ. ದಿನಾ ಬಿಚ್ಚಿ ತೊಳೆದು, ಕುದಿನೀರು ಸುರಿದು, ಬೋರಲು ಹಾಕಿ ಒಣಗಿಸಿ. ಸಿರಿಂಜಿಗೂ ಇದೇ ಉಪಚಾರ.

ಟ್ಯೂಬ್ ಯಾಕೆ ಕಟ್ಟಿಕೊಂಡಿತು? ಕುಚ್ಚಲಕ್ಕಿಯ ರವೆ ಒಂದು ಕಾರಣ. ಇನ್ನೊಂದು ಮಾತ್ರೆ ಇರಬೇಕು ಎಂದು ನನ್ನ ಗುಮಾನಿ. ಎಲ್ಲ ಮಾತ್ರೆ ಒಟ್ಟಿಗೆ ಕುಟ್ಟಿ ಗಂಜಿಗೆ ಬೆರೆಸಿ ಹಾಕುತ್ತಾರಾ ನಿಮ್ಮ ಮಾವಶಿ? ಅದು ಬೇಡ. ಊಟಕ್ಕೆ ಮೊದಲು 30 ಮಿಲಿ ನೀರು, ಊಟವಾದ ಮೇಲೆ 30 ಮಿಲಿ. ಮಾತ್ರೆ ಬೇರೆ, ಒಂದೊಂದಾಗಿ, ನೀರಿನಲ್ಲಿ ಕದಡಿ, ನಡುನಡುವೆ ಸ್ವಲ್ಪ ನೀರು. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್, ಸಿಆರ್ ಎಂದು ಇರುವ ಮಾತ್ರೆ ಕುಟ್ಟಲೇಬಾರದು. ದಿನವಿಡೀ ನಿಧಾನವಾಗಿ ಬಿಡಬೇಕಾದ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ಎಸ್‌ಆರ್ ಸಾಮಾನ್ಯ, ಇವತ್ತೇ ಪಟ್ಟಿ ತೆಗೆದು ನೋಡಿ. ಬದಲಿ ಮಾತ್ರೆಯೋ ಸಿರಪ್ಪೋ ಡಾಕ್ಟರ್ ಬರೆದುಕೊಡುತ್ತಾರೆ. ಮತ್ತೆ ಕಟ್ಟಿಕೊಂಡರೆ ಉಗುರುಬೆಚ್ಚಗಿನ ನೀರನ್ನು ಸಿರಿಂಜಿನಲ್ಲಿ ಹಾಕಿ ಮೆಲ್ಲಗೆ ಮುಂದೆ ಹಿಂದೆ ಮಾಡಿ. ತಂತಿ ತೂರಿಸಬೇಡಿ. ಕೋಲಾ ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದರ ಹುಳಿಗೆ ಹಾಲಿನ ಪ್ರೋಟೀನ್ ಇನ್ನೂ ಗಟ್ಟಿ ಹೆಪ್ಪಾಗುತ್ತದೆ.

ಕೊಡುವ ರೀತಿಯನ್ನು ಮಾವಶಿಗೆ ನೀವೇ ಒಂದು ಭಾನುವಾರ ಕೂರಿಸಿ ತೋರಿಸಿ. ತಲೆದಿಂಬು ಸಾಲದು, ಸೊಂಟದಿಂದ ಮೇಲೆ 30ರಿಂದ 45 ಡಿಗ್ರಿ ಎತ್ತರ ಇರಬೇಕು, ಊಟವಾದ ಮೇಲೂ ಮುಕ್ಕಾಲು ಗಂಟೆ ಹಾಗೇ. ಸಿರಿಂಜಿನ ಹಿಡಿ ತೆಗೆದು, ಬರೀ ಕೊಳವೆಯನ್ನು ಆಲಿಕೆಯ ಥರ ಹಿಡಿದು ಸುರಿಯಬೇಕು. ಕೈ ಎತ್ತಿದರೆ ಬೇಗ, ಇಳಿಸಿದರೆ ನಿಧಾನ. 250 ಮಿಲಿಗೆ ಹದಿನೈದು ಇಪ್ಪತ್ತು ನಿಮಿಷ. ಒತ್ತಿ ಒತ್ತಿ ಎರಡು ನಿಮಿಷದಲ್ಲಿ ಮುಗಿಸಿದರೆ ಊಟ ಮೇಲೆ ಉಕ್ಕಿ ಶ್ವಾಸಕೋಶಕ್ಕೆ ಹೋಗಬಹುದು. ಊಟದ ಹದ ಸರಿ ಇದೆಯಾ ಎಂದು ತಿಳಿಯಲು ಮೊದಲು ಖಾಲಿ ಸಿರಿಂಜನ್ನು ಬಟ್ಟಲಿನ ಮೇಲೆ ಹಿಡಿದು ಸುರಿದು ನೋಡಿ. ಧಾರೆಯಾಗಿ ಇಳಿದರೆ ಸರಿ, ತೊಟ್ಟಿಕ್ಕಿದರೆ ಗಟ್ಟಿ. ಗಟ್ಟಿ ಎನಿಸಿದರೆ ನೀರಿನ ಬದಲು ಹಾಲು ಸೇರಿಸಿ.

ಈಗ ನಿಮ್ಮ ಮುಂದೆ ಮೂರು ದಾರಿ. ಪೂರ್ತಿ ಪೌಡರ್ ಕೊಟ್ಟರೆ ಲೆಕ್ಕ ಖಚಿತ, ವಿಟಮಿನ್ ಎಲ್ಲ ಸೇರಿರುತ್ತದೆ, ಟ್ಯೂಬ್ ಕಟ್ಟಿಕೊಳ್ಳುವುದು ಅಪರೂಪ. 400 ಗ್ರಾಂ ಡಬ್ಬ ಒಂದೂಕಾಲು ದಿನಕ್ಕೆ ಖಾಲಿ, ಅದೇ ನಿಮಗೆ ತೂಗದಿರುವುದು. ದುಡ್ಡು ಉಳಿಸಲು ಅದನ್ನೂ ನೀರು ಮಾಡಿ ಕೊಡುವ ಮನೆಗಳನ್ನು ನೋಡಿದ್ದೇನೆ. ಪೂರ್ತಿ ಮನೆ ಊಟ ಅಗ್ಗ, ನಾರಿನಂಶ ಇರುವುದರಿಂದ ಎಷ್ಟೋ ಜನರಿಗೆ ಹೊಟ್ಟೆಗೂ ಹಿತ. ಆದರೆ ದಿನಾ ತೂಗಬೇಕು, ದಿನಾ ಶುಚಿ ನೋಡಬೇಕು, ವಿಟಮಿನ್ ಬೇರೆ ಕೊಡಬೇಕು. ನಿಮಗೆ ಹುಷಾರಿಲ್ಲದ ದಿನ ಯಾರು?

ಮೂರನೆಯದು ಅರ್ಧ ಅರ್ಧ. ನಿಮ್ಮ ಮನೆಗೆ ಇದೇ ಸರಿ ಎಂದು ನನ್ನ ಅಭಿಪ್ರಾಯ. ಮೇಲಿನ ಅಳತೆಯ ಅರ್ಧದಷ್ಟನ್ನು ಸಂಜೆ ಮಾಡಿ, ರಾತ್ರಿ 7ಕ್ಕೆ, 10ಕ್ಕೆ, ಮರುದಿನ ಬೆಳಿಗ್ಗೆ 7ಕ್ಕೆ ನೀವೇ ಕೊಡಿ. ಮಾವಶಿ ಇರುವ ಹಗಲಿನ 10, 1, 4 ಗಂಟೆಗೆ ಪೌಡರ್, 250 ಮಿಲಿಯಂತೆ. ಡಬ್ಬದ ಮೇಲೆ ಹೇಳಿದ ಅಳತೆಗೇ ಕಲಸಲಿ. ಡಬ್ಬ ಎರಡು ದಿನ ದಾಟಿ ಬರುತ್ತದೆ. ಸಕ್ಕರೆ ಕಾಯಿಲೆಯವರಿಗೆಂದೇ ಇರುವ ಪೌಡರ್ ಬೇಕಾ ಎಂದು ಡಾಕ್ಟರನ್ನು ಕೇಳಿ. ಮೊಳಕೆ ರಾಗಿಯ ತುಂಡಾದ ಪಿಷ್ಟ ಸಕ್ಕರೆಯನ್ನು ಬೇಗ ಏರಿಸುತ್ತದೆ. ಹಾಗಾಗಿ ಮೊದಲ ವಾರ ಊಟಕ್ಕೆ ಮೊದಲು ಮತ್ತು ಎರಡು ಗಂಟೆ ಬಿಟ್ಟು ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಡಿ, ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು.

ಒಂದು ಎಚ್ಚರ. ನಾಳೆಯೇ 600ರಿಂದ 1,450ಕ್ಕೆ ಹಾರಬೇಡಿ. ಬಹಳ ದಿನ ಅರೆಹೊಟ್ಟೆಯಲ್ಲಿದ್ದ ಮೈಗೆ ಒಮ್ಮೆಲೇ ಊಟ ಸುರಿದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯದ ಬಡಿತವೇ ಏರುಪೇರಾಗಬಹುದು. ಈ ವಾರ ಡಾಕ್ಟರನ್ನು ಕಂಡು ಈ ಮೂರನ್ನೂ, ಸೋಡಿಯಂ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಜೊತೆ ಪರೀಕ್ಷೆ ಮಾಡಿಸಿ. ಕಿಡ್ನಿ ಸರಿ ಇಲ್ಲದಿದ್ದರೆ ನನ್ನ ಅಳತೆ ಬದಲಾಗುತ್ತದೆ. ಅವರು ಸರಿ ಅಂದ ಮೇಲೆ ಐದಾರು ದಿನದಲ್ಲಿ ಸ್ವಲ್ಪ ಸ್ವಲ್ಪ ಏರಿಸಿ.

ಕೊಡುವಾಗ ಕೆಮ್ಮು, ಏದುಸಿರು ಬಂದರೆ ಆ ಕ್ಷಣ ನಿಲ್ಲಿಸಿ. ವಾಂತಿ, ಹೊಟ್ಟೆ ಉಬ್ಬರ, ಜ್ವರ, ಟ್ಯೂಬಿನ ಸುತ್ತ ಕೀವು, ಮಂಕು, ಇದರಲ್ಲಿ ಯಾವುದಕ್ಕೂ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಟ್ಯೂಬ್ ಕಳಚಿ ಹೊರಬಂದರೆ ನೇರ ಆಸ್ಪತ್ರೆಗೆ, ರಾತ್ರಿಯಾದರೂ. ಆ ತೂತು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳುತ್ತದೆ.

ತೂಕ ನೋಡಲು ಪ್ರತಿ ಸಲ ಆಂಬುಲೆನ್ಸ್ ಕರೆಸಬೇಕಿಲ್ಲ. ನಿಮ್ಮ ಯಜಮಾನರು ತಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಲಿ, ಆಮೇಲೆ ಅವರ ತೂಕ ಕಳೆಯಿರಿ. ಎತ್ತಲು ಆಗದಿದ್ದರೆ ಬಲಗೈಯ ರಟ್ಟೆಯ ನಡುಭಾಗಕ್ಕೆ ಟೈಲರ್ ಟೇಪ್ ಸುತ್ತಿ ಅಳೆಯಿರಿ, ಎರಡು ವಾರಕ್ಕೊಮ್ಮೆ, ಅದೇ ಜಾಗದಲ್ಲಿ. ಆ ಅಂಕಿ ಇಳಿಯದೆ ನಿಂತರೆ ನೀವು ಸರಿಯಾಗಿ ಕೊಡುತ್ತಿದ್ದೀರಿ.

ಕೊನೆಗೆ ರುಚಿ. ಟ್ಯೂಬಿನಲ್ಲಿ ಹೋದ ಊಟ ನಾಲಿಗೆಗೆ ತಾಗುವುದಿಲ್ಲ, ಹಾಗಾಗಿ ನಾವು ಉಂಡಂತೆ ಗೊತ್ತಾಗುವುದಿಲ್ಲ. ತೇಗು ಬಂದಾಗ ಮಾತ್ರ ಪರಿಮಳ ಬರುತ್ತದೆ ಎಂದು ಎಷ್ಟೋ ಜನ ನನಗೆ ಹೇಳಿದ್ದಾರೆ, ಪೌಡರಿನ ವೆನಿಲಾ ತೇಗಿಗೂ ಮನೆ ಊಟದ ತೇಗಿಗೂ ವ್ಯತ್ಯಾಸ ತಿಳಿಯುತ್ತದಂತೆ. ಬಾಯಿಗೆ ಏನೂ ಹೋಗುವುದಿಲ್ಲ ಎಂದು ಬಾಯಿ ತೊಳೆಯುವುದನ್ನು ಬಿಡಬೇಡಿ. ದಿನಕ್ಕೆ ಎರಡು ಸಲ ಮೆತ್ತನೆ ಬ್ರಷ್, ನಡುವೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕೊಳೆ ಬಾಯಿಯ ಜೊಲ್ಲು ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯಾ ಬರುತ್ತದೆ. ಮೂರು ತಿಂಗಳಾಯಿತಲ್ಲ, ನುಂಗುವ ಶಕ್ತಿ ಎಷ್ಟು ಮರಳಿದೆ ಎಂದು ಸ್ಪೀಚ್ ಥೆರಪಿಸ್ಟ್ ಹತ್ತಿರ ಮತ್ತೊಮ್ಮೆ ನೋಡಿಸಿ. ಸ್ಟ್ರೋಕ್ ಆದವರಲ್ಲಿ ತಿಂಗಳುಗಳು ಕಳೆದ ಮೇಲೆ ಅದು ಮರಳುವುದುಂಟು. ಅವರು ಸರಿ ಎನ್ನುವವರೆಗೆ ನಾಲಿಗೆಗೆ ಒಂದು ಹನಿ ಗಂಜಿ ತಿಳಿಯೂ ಬೇಡ. ಅಲ್ಲಿಯವರೆಗೆ ರಾತ್ರಿ 7ರ ಊಟದ ಹೊತ್ತಿಗೆ ಅತ್ತೆಯವರ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ತಂದಿಡಿ. ನಿಮ್ಮ ಸಾರಿಗೆ ಒಗ್ಗರಣೆ ಕೊಟ್ಟು, ಆಮೇಲೆ ಸಿರಿಂಜ್ ಕೈಗೆ ತೆಗೆದುಕೊಳ್ಳಿ.